ಹದಿನಾಲ್ಕು ಮಂದಿ, ಒಂದೇ ತಾರೀಖು

ಫೋನು ಬಂದಾಗ ಕಫದ ಸ್ಲೈಡುಗಳನ್ನು ಒಣಗಲು ಇಟ್ಟು ಕೈ ತೊಳೆಯುತ್ತಿದ್ದೆ. ಹುಕ್ಕೇರಿ ತಾಲೂಕಿನಲ್ಲಿ, ಹೆದ್ದಾರಿಗೆ ಸಮೀಪದ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ರಕ್ತ, ಮೂತ್ರ, ಕಫ ಪರೀಕ್ಷಿಸಿ, ಚೀಟಿ ಬರೆದು ಡಾಕ್ಟರ ಮೇಜಿಗೆ ಕಳಿಸುವುದು ನನ್ನ ಕೆಲಸ. ಕೋವಿಡ್ಡಿನ ಎರಡನೆಯ ಅಲೆ ಮುಗಿದು ಆಗಲೇ ಒಂದೂವರೆ ವರ್ಷವಾಗಿತ್ತು. ಆ ಮಾತು ಎತ್ತುವವರು ಕಡಿಮೆಯಾಗಿದ್ದರು. ನಾನಂತೂ ಎತ್ತುತ್ತಿರಲಿಲ್ಲ.

ಬೆಂಗಳೂರಿನ ಒಂದು ಪ್ರಯೋಗಾಲಯದಿಂದ ಮಾತಾಡುತ್ತಿದ್ದೇನೆ ಎಂದಳು ಆಚೆಯ ಹೆಣ್ಣುಮಗಳು. ಚಿಕ್ಕ ವಯಸ್ಸಿನ ದನಿ. ಮಾತು ಮಾತ್ರ ತೂಗಿ ಆಡುವಂತಿತ್ತು.

“ಎರಡನೇ ಅಲೆಯಲ್ಲಿ ನಿಮ್ಮ ಕೇಂದ್ರದಿಂದ ಹೋದ ಹದಿನಾಲ್ಕು ಸ್ಯಾಂಪಲ್‌ಗಳ ವೈರಸ್ಸನ್ನ ನಾವು ಪೂರ್ತಿ ಓದಿದ್ದೀವಿ ಮೇಡಂ. ಜೀನೋಮ್ ಅಂತೀವಲ್ಲ, ಅದು. ಒಂದು ಅನುಮಾನ ಇತ್ತು. ಹದಿನಾಲ್ಕೂ ಒಂದೇ ದಿನ ತೆಗೆದದ್ದಾ?”

“ಇಲ್ರಿ” ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂತು.

“ದಾಖಲೆಯಲ್ಲಿ ಎಲ್ಲದಕ್ಕೂ ಒಂದೇ ತಾರೀಖಿದೆ.”

ಅವಳು ಬೇಸರಿಸದೆ ವಿವರಿಸಿದಳು. ವೈರಸ್ಸು ಒಬ್ಬರಿಂದ ಒಬ್ಬರಿಗೆ ಹೋಗುತ್ತ ಅದರೊಳಗಿನ ಅಕ್ಷರಗಳು ಅಲ್ಲೊಂದು ಇಲ್ಲೊಂದು ಬದಲಾಗುತ್ತವೆ. ಬೇರೆ ಬೇರೆ ಊರಿನವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಮೊದಲು ಬಂತು, ಯಾವ ದಿಕ್ಕಿನಿಂದ ಬಂತು ಎಂದು ಅಂದಾಜು ಮಾಡಬಹುದು. ಅದಕ್ಕೇ ಎಲ್ಲ ದೇಶದ ಪ್ರಯೋಗಾಲಯದವರೂ ತಾವು ಓದಿದ್ದನ್ನು ಕಂಪ್ಯೂಟರಿನಲ್ಲಿ ಎಲ್ಲರಿಗೂ ಸಿಗುವ ಒಂದು ಸಾಮಾನ್ಯ ಕಣಜಕ್ಕೆ ಹಾಕುತ್ತಾರೆ. ಆದರೆ ಯಾವ ಊರಿನದು, ಯಾವತ್ತು ತೆಗೆದದ್ದು ಎಂಬುದು ಸರಿಯಿಲ್ಲದಿದ್ದರೆ ಆ ಅಕ್ಷರಗಳು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

“ತಪ್ಪು ತಾರೀಖು ಹಾಕೋದಕ್ಕಿಂತ ಹಾಕದೇ ಇರೋದು ಮೇಲು. ಸರಿಯಾದದ್ದು ಎಲ್ಲಾದರೂ ಬರೆದಿಟ್ಟಿದ್ದೀರಾ?”

“ನೋಡತೇನ್ರಿ” ಎಂದೆ. ನೋಡಲು ಏನೂ ಇಲ್ಲವೆಂದು ನನಗೆ ಗೊತ್ತಿತ್ತು.

ಆ ದಿನಗಳಲ್ಲಿ ಅವ್ವ ಮತ್ತು ನಾನು ಇಬ್ಬರೇ ಒಂದು ಮನೆಯಲ್ಲಿದ್ದೆವು. ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಅಣ್ಣನನ್ನೂ ನನ್ನನ್ನೂ ಓದಿಸಿದವಳು. ಅಣ್ಣ ಗೋಕಾಕದಲ್ಲಿ ಹೈಸ್ಕೂಲ್ ಮಾಸ್ತರ. ನನಗೆ ಪಗಾರ ಬರತೊಡಗಿದ ಮೇಲೂ ಅವ್ವ ಸುಮ್ಮನೆ ಕೂರಲಿಲ್ಲ. ಹೆದ್ದಾರಿಯ ಬದಿಗೆ ಬೇವಿನ ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಕುದಿಸಿದ ಶೇಂಗಾ ಮಾರುತ್ತಿದ್ದಳು. ಕೊಲ್ಲಾಪುರದ ಕಡೆಯಿಂದ ಬರುವ ಲಾರಿಯವರು ಅವಳನ್ನು ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ ಎಂದು ಕರೆಯುತ್ತಿದ್ದರು. ಎರಡನೆಯ ಅಲೆ ಬಂದಾಗ ಬೇಡವೆಂದೆ. “ಲಾರಿ ಓಡತಾವಲ್ಲ. ಹೋಟೆಲ್ ಬಂದ್ ಅದಾವು. ಅವರಿಗಿ ಹಸಿವಿ ಆಗೂದಿಲ್ಲೇನ?” ಎಂದಳು. ನಾನು ದಿನಕ್ಕೆ ನೂರಾರು ಮೂಗಿಗೆ ಕಡ್ಡಿ ಹಾಕಿ ಮನೆಗೆ ಬರುವವಳು. ಅವಳಿಗೆ ಮನೆಯಲ್ಲಿರು ಎನ್ನಲು ನನಗೂ ಬಾಯಿ ಇರಲಿಲ್ಲ.

ಅವಳಿಗೆ ಕೆಮ್ಮು ಶುರುವಾಯಿತು. ಧೂಳಿನದು ಎಂದೆ. ಬಿಸಿನೀರು ಕುಡಿ ಎಂದೆ. ಬೆಳಿಗ್ಗೆ ಏಳಕ್ಕೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದೆ. ಬಂದವಳು ಹಿತ್ತಲಲ್ಲೇ ಬಟ್ಟೆ ತೆಗೆದು, ಮೈ ತೊಳೆದು, ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆ. ಗೋಡೆಯಾಚೆ ಅವಳು ಕೆಮ್ಮುವುದು ಕೇಳುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಚಹಾದ ಲೋಟ ಮೂಗಿನ ಹತ್ತಿರ ಹಿಡಿದು, “ಇದಕ ಶುಂಠಿ ಹಾಕಿಲ್ಲೇನ?” ಎಂದು ಕೇಳಿದಳು. ಹಾಕಿದ್ದೆ. ಆಗ ಅವಳನ್ನು ಕೇಂದ್ರಕ್ಕೆ ಕರೆದೊಯ್ದು ನಾನೇ ಕಡ್ಡಿ ಹಾಕಿದೆ. ಅವಳ ಕಣ್ಣಲ್ಲಿ ನೀರು ಬಂತು. “ದಿನಾ ಮಂದಿಗಿ ಹಿಂಗ ಮಾಡತಿ ಏನ ನೀ? ಪಾಪ” ಎಂದಳು.

ಗೋಕಾಕದ ಆಸ್ಪತ್ರೆಯಲ್ಲಿ ಏಳು ದಿನ ಇದ್ದಳು. ಹೊರಗೆ ಬೆಂಚಿನ ಮೇಲೆ ಅಣ್ಣ ಕೇಳಿದ: “ಸ್ಯಾಂಪಲ್ ಯಾವತ್ತ ತಗದಿ?”

“ಕೆಮ್ಮ ಬಂದ ದಿನಾನ.”

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಹೇಳಿದ ಮೇಲೆ ಅದು ಅಲ್ಲಿಯೇ ಉಳಿಯಿತು.

ಅವ್ವನನ್ನು ಚೀಲದಲ್ಲಿ ಸುತ್ತಿ ತಂದರು. ನಮ್ಮದು ಬೌದ್ಧ ಮನೆ. ನಾವಿಬ್ಬರೂ ದೂರ ನಿಂತಿದ್ದೆವು. ಅಣ್ಣ ಮಾಸ್ಕಿನೊಳಗೇ ತ್ರಿಶರಣ ಹೇಳಿದ. ಅರ್ಧ ಗಂಟೆಯಲ್ಲಿ ಮಣ್ಣು ಮುಗಿಯಿತು. ನಾನು ಅಳಲಿಲ್ಲ. ಆಮೇಲೆ ಅಳು ಬರುತ್ತದೆ ಅಂದುಕೊಂಡಿದ್ದೆ.

ಮೂರನೆಯ ದಿನ ಕೆಲಸಕ್ಕೆ ಹೋದೆ. ನನ್ನ ಜಾಗದಲ್ಲಿ ಕೂರಲು ಬೇರೆ ಯಾರೂ ಇರಲಿಲ್ಲ. ಅಲೆಯ ಭರದಲ್ಲಿ ಸ್ಯಾಂಪಲ್ಲುಗಳು ವಾಹನ ಬಂದಾಗೆಲ್ಲ ಐಸ್ ಡಬ್ಬಿಯಲ್ಲಿ ಹೋಗಿಬಿಡುತ್ತಿದ್ದವು, ಕಂಪ್ಯೂಟರಿಗೆ ಹಾಕುವ ಕೆಲಸ ಹಿಂದೆ ಬೀಳುತ್ತಿತ್ತು. ಮೇಜಿನ ಮೇಲೆ ಚೀಟಿಗಳ ಕಟ್ಟು ಹಾಗೆಯೇ ಇತ್ತು. ಒಂದೊಂದೇ ತೆಗೆದು ಹೆಸರು, ವಯಸ್ಸು, ಊರು, ಫೋನ್ ನಂಬರು ಹಾಕುತ್ತ ಹೋದೆ. ಸ್ಯಾಂಪಲ್ ತೆಗೆದ ದಿನ ಎಂಬ ಚೌಕದಲ್ಲಿ ಕಂಪ್ಯೂಟರು ತಾನೇ ಅವತ್ತಿನ ತಾರೀಖು ತೋರಿಸುತ್ತಿತ್ತು. ಅದನ್ನು ಅಳಿಸಿ ಚೀಟಿಯಲ್ಲಿದ್ದದ್ದನ್ನು ಹಾಕಬೇಕು. ನಾನು ಹಾಕಲಿಲ್ಲ. ಒತ್ತುತ್ತ ಹೋದೆ. ಅವ್ವನ ಚೀಟಿ ಬಂದಾಗ ಅದನ್ನೂ ಒತ್ತಿದೆ. ಸಂಜೆ ಆ ಚೀಟಿಗಳು ಬಳಸಿದ ಕೈಗವಸುಗಳ ಜೊತೆ ಹಿತ್ತಲಿನ ಗುಂಡಿಗೆ ಹೋಗಿ ಸುಟ್ಟುಹೋದವು. ಜಿಲ್ಲೆಯ ಲ್ಯಾಬಿನಲ್ಲಿ ಡಬ್ಬಿಗಳು ದಿನಗಟ್ಟಲೆ ಬಿದ್ದಿರುತ್ತಿದ್ದವು, ಅಲ್ಲಿ ಅವರು ತೆರೆದ ದಿನವನ್ನು ಬರೆದುಕೊಂಡಿದ್ದರು. ಅದೂ ಉಪಯೋಗವಿಲ್ಲ.

ನಮ್ಮ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಪ್ರಯೋಗಾಲಯದಿಂದ ಪತ್ರ ತರಿಸಿಕೊಂಡು, “ಫೋನ್ ನಂಬರ್ ಅದಾವಲ್ಲ, ಮಂದೀನ ಕೇಳ್ರಿ. ಅವರಿಗಿ ನೆನಪ ಇದ್ದಷ್ಟ ಬರೀರಿ. ಒಲ್ಲೆ ಅಂದವರನ್ನ ಬಿಡ್ರಿ” ಎಂದರು.

ಮಂದಿಗೆ ತಾರೀಖು ನೆನಪಿರುವುದಿಲ್ಲ. ಸಂಕೇಶ್ವರದ ಸಕ್ಕರೆ ಕಾರ್ಖಾನೆಯ ಕೆಲಸಗಾರನಿಗೆ ಅವತ್ತು ತನ್ನ ಪಾಳಿ ಯಾವುದಿತ್ತೆಂದು ನೆನಪಿತ್ತು. ಅದರಿಂದ ದಿನ ಸಿಕ್ಕಿತು. ಒಬ್ಬ ತಾಯಿಗೆ ಮಗಳ ಪರೀಕ್ಷೆ ರದ್ದಾಯಿತೆಂದು ಟಿವಿಯಲ್ಲಿ ಹೇಳಿದ ದಿನ ಎಂದು ನೆನಪಿತ್ತು. ಕೆಲವರ ಫೋನಿನಲ್ಲಿ ನನಗೆ ಅಥವಾ ಆಶಾ ಕಾರ್ಯಕರ್ತೆಗೆ ಕರೆ ಮಾಡಿದ ಗುರುತು ಉಳಿದಿತ್ತು. ಹುಕ್ಕೇರಿಯ ಒಬ್ಬ ಅಂಗಡಿಯವನು, “ನನ್ನ ತಮ್ಮಂದು ಏನೂ ಕೊಡಬ್ಯಾಡ್ರಿ. ಸತ್ತವನ ಸುದ್ದಿ ಯಾಕ ಬೇಕು ಬ್ಯಾರೆ ದೇಶದವರಿಗೆ?” ಎಂದ. ಹೆಸರು ಹೋಗುವುದಿಲ್ಲ ಎಂದೆ. “ಹೆಸರ ಇಲ್ಲಂದ್ರ ಅದು ಅವನದ ಅಲ್ಲ ಬಿಡ್ರಿ” ಎಂದು ಫೋನಿಟ್ಟ. ಅವನದನ್ನು ಬಿಟ್ಟೆವು. ಇಬ್ಬರ ನಂಬರು ಹತ್ತಲೇ ಇಲ್ಲ.

ಪಟ್ಟಿಯಲ್ಲಿ ಒಬ್ಬ ಕುರುಬ ಹೆಂಗಸಿದ್ದಳು. ಆ ಬೇಸಿಗೆಯಲ್ಲಿ ಅವರ ಕುರಿಹಿಂಡು ನಮ್ಮೂರ ಹೊಲಗಳಲ್ಲಿ ತಂಗಿತ್ತು. ಊರು ಮೂಡಲಗಿ ಕಡೆ. ಫೋನಿನಲ್ಲಿ ಗಾಳಿಯ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಒಂದು ರವಿವಾರ ಹುಕ್ಕೇರಿಯಿಂದ ಗೋಕಾಕದ ಬಸ್ಸು ಹಿಡಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತ ಹೋಯಿತು. ಗೋಕಾಕದಿಂದ ಮೂಡಲಗಿ, ಅಲ್ಲಿಂದ ಟಂಟಂ ಆಟೋ. ಗೋವಿನಜೋಳ ಕೊಯ್ದ ಹೊಲದಲ್ಲಿ ಕುರಿ ಮೇಯುತ್ತಿದ್ದವು. ಬದುವಿನ ಮೇಲೆ ಗಂಡ ಹೆಂಡತಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಗಂಡನಿಗೆ ಎಪ್ಪತ್ತರ ಹತ್ತಿರ. ಮೂಗಿಗೆ ಕಡ್ಡಿ ಹಾಕಿದವಳು ನಾನು ಎಂದು ಹೇಳಿಕೊಂಡೆ.

“ಬರ್ರಿ ಬಾಯಾರ, ಕುಂದರ್ರಿ. ರೊಟ್ಟಿ ತಿನ್ರಿ ಮೊದ್ಲ” ಎಂದಳು ಆಕೆ.

ಬಂದ ಕಾರಣ ಹೇಳಿದೆ. ಇಬ್ಬರೂ ನಗಲಿಲ್ಲ, ಆಶ್ಚರ್ಯಪಡಲೂ ಇಲ್ಲ.

“ಉಗಾದಿ ಆಗಿ ಎಂಟ ದಿನಕ್ಕ ಇರಬೇಕು” ಎಂದ ಗಂಡ.

“ಎಂಟೆಲ್ಲಿ ಬಂತು?” ಎಂದಳು ಆಕೆ. “ಕರಿ ಕುರಿ ಎರಡು ಮರಿ ಹಾಕಿದ ದಿನ ನನಗ ಜ್ವರಾ ಬಂತು. ಮರುದಿನ ದವಾಖಾನಿಗೆ ಹ್ವಾದ್ವಿ.”

“ಹೌದ ಕಾಕಾ?” ಎಂದು ನಾನು ಅವನನ್ನು ಕೇಳಿದೆ.

“ಮರಿ ಹಾಕಿದ್ದು ಖರೆ. ಅವತ್ತ ಸಂಜಿಕ ಗುಡುಗ ಮಳಿ ಆತು. ಮರಿ ಎರಡೂ ತೊಯ್ದು ನಡುಗತಿದ್ದು, ನಾ ಕಂಬಳ್ಯಾಗ ಸುತ್ತಿಕೊಂಡು ಕುಂತಿದ್ದೆ.”

“ಮಳಿ ಉಗಾದಿ ಆಗಿ ಮೂರನೇ ದಿನಕ್ಕ ಆಗಿತ್ತು. ಹಬ್ಬದ ಹೋಳಗಿ ಕೊಟ್ಟು ಕಳಿಸಿದ್ರಲ್ಲ ಹೊಲದವರು, ಅದರಾಗಿನ ಕಡೀ ಹೋಳಗಿ ಅವತ್ತ ತಿಂದ್ವಿ. ಎಂಟ ದಿನ ಇರತಾವೇನ ಹೋಳಗಿ?”

ಮುದುಕ ಬೆರಳು ಎಣಿಸಿ ಒಪ್ಪಿಕೊಂಡ. ಯುಗಾದಿಯಾದ ನಾಲ್ಕನೆಯ ದಿನ. ನಾನು ಬರೆದುಕೊಂಡೆ. ಕಂಪ್ಯೂಟರಿನಲ್ಲಿ ನಾನು ಹಾಕಿದ್ದ ತಾರೀಖು ಅದಕ್ಕಿಂತ ಒಂದು ತಿಂಗಳು ಆಮೇಲಿನದು.

ಏಳಬೇಕೆಂದಾಗ ಆಕೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು: “ರೋಡಿಗೆ ಶೇಂಗಾ ಮಾರತಿದ್ರಲ್ಲ ಒಬ್ಬಾಕಿ, ನೀವು ಅವರ ಮಗಳ ಏನ್ರಿ? ಅದ ಹಣಿ, ಅದ ಮೂಗು.”

“ಹೂನ್ರಿ.”

“ನನಗ ಜ್ವರಾ ಬಂದಾಗ ದಿನಾ ಗಂಜಿ ತಂದು ಬದುವಿನ ಮ್ಯಾಲ ಇಟ್ಟು ಹೋಗತಿದ್ರು. ದೂರ ನಿಂತು ‘ಉಣ್ಣ, ಉಣ್ಣ’ ಅಂತ ಒದರತಿದ್ರು. ಈಗ ಹೆಂಗದಾರ?”

ಅವ್ವ ಇದನ್ನು ನನಗೆ ಹೇಳಿಯೇ ಇರಲಿಲ್ಲ. ತೀರಿಕೊಂಡಳೆಂದು ಹೇಳಿದೆ, ಅದೇ ರೋಗದಲ್ಲಿ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮುದುಕ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ನಾನು ರೊಟ್ಟಿಯ ಚೂರು ಕೈಯಲ್ಲಿ ಹಿಡಿದು ಕೂತಿದ್ದೆ. ಯಾರದೋ ತಾಯಿಯ ಸುದ್ದಿ ಕೇಳುತ್ತಿದ್ದಂತಿತ್ತು. ಆಕೆಗೆ ಸಮಾಧಾನ ಹೇಳಿದವಳು ನಾನು.

ಬರುವಾಗ ಗೋಕಾಕದಲ್ಲಿ ಅಣ್ಣನ ಮನೆಗೆ ಹೋದೆ. ಅವನ ಹೆಂಡತಿ, ನಮ್ಮ ವೈನಿ, ಚಹಾ ಇಟ್ಟರು. ಅಣ್ಣ ನನ್ನ ಚೀಲದಲ್ಲಿದ್ದ ಪಟ್ಟಿ ತೆಗೆದು ಮಾಸ್ತರನ ಹಾಗೆ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದ. ಕೊನೆಯ ಸಾಲಿಗೆ ಬೆರಳು ನಿಂತಿತು.

“ಅವ್ವಂದು ಯಾಕ ಖಾಲಿ ಐತಿ?”

“ಬರೀಬೇಕು.”

“ನೀನ ತಗದಿ. ನಿನಗ ಗೊತ್ತಿಲ್ಲೇನ?”

ನಾನು ಗೋಡೆ ನೋಡುತ್ತ ಹೇಳಿದೆ: “ಕೆಮ್ಮ ಬಂದ ದಿನ ತಗದಿಲ್ಲ ಅಣ್ಣಾ. ಧೂಳಿಂದು ಅಂದೆ. ನಾಕನೇ ದಿನ ತಗದೆ. ಅವತ್ತ ನಿನಗ ಸುಳ್ಳ ಹೇಳಿದೆ.”

ಅವನು ಪಟ್ಟಿಯನ್ನು ಮಡಚಿ ವಾಪಸು ಕೊಟ್ಟ. “ನಾಕ ದಿನ” ಎಂದ. ಚಹಾ ಕುಡಿದ ಮೇಲೆ ಗಾಡಿಯ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಇಳಿದಾಗ ನನ್ನ ಕಡೆ ನೋಡಲಿಲ್ಲ. ನಾನು ಹುಕ್ಕೇರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಪಟ್ಟಿ ಇಟ್ಟು, ಅವ್ವನ ಸಾಲಿನಲ್ಲಿ ಆ ತಾರೀಖು ಬರೆದೆ. ಬಸ್ಸು ಕುಲುಕಿ ಅಂಕಿ ಸೊಟ್ಟಗಾಯಿತು. ತಿದ್ದಿ ಮತ್ತೆ ಬರೆದೆ.

ಪಟ್ಟಿ ಕಳಿಸುವಾಗ ಬೆಂಗಳೂರಿನ ಆ ಹುಡುಗಿಗೆ ಹೇಳಿದೆ: “ಹದಿನಾಕನೇದು ನಮ್ಮ ಅವ್ವಂದು ಐತ್ರಿ. ಹಾಕ್ರಿ. ನನ್ನ ತಕರಾರಿಲ್ಲ.” “ಹಾಕ್ತೀನಿ ಮೇಡಂ” ಎಂದಳು.

“ಒಂದು ಕೇಳಲೇನ್ರಿ?” ಎಂದೆ. “ನನ್ನಿಂದ ಬಂತೋ ಇಲ್ಲೋ, ಅದರಾಗ ತಿಳೀತೈತೇನು?”

ಒಂದೂವರೆ ವರ್ಷ ಈ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ನನ್ನ ಬಟ್ಟೆಯಲ್ಲೋ ಕೂದಲಲ್ಲೋ ಕೇಂದ್ರದಿಂದ ಮನೆಗೆ ನಾನೇ ತಂದೆ ಎಂದು ನಂಬಿಕೊಂಡಿದ್ದೆ.

“ಯಾರಿಂದ ಯಾರಿಗೆ ಅಂತ ಇದು ಹೇಳಲ್ಲ ಮೇಡಂ” ಎಂದಳು. “ನೋಡಿ ಹೇಳ್ತೀನಿ. ಆದರೆ ಖಚಿತ ಅಂತ ತಿಳ್ಕೋಬೇಡಿ.”

ಎರಡು ವಾರದ ಮೇಲೆ ಫೋನು ಮಾಡಿದಳು. ಮಧ್ಯಾಹ್ನದ ಹೊತ್ತು, ಬಾಗಿಲಲ್ಲಿ ಬಸುರಿಯರ ಸಾಲು ಇತ್ತು. ನಮ್ಮ ಕೇಂದ್ರದ ಉಳಿದವರ ವೈರಸ್ಸು ಒಂದಕ್ಕೊಂದು ಹೆಚ್ಚುಕಡಿಮೆ ಒಂದೇ ಥರ ಇದ್ದವಂತೆ. ಅವ್ವನದು ಮಾತ್ರ ಕೆಲವು ಅಕ್ಷರಗಳಲ್ಲಿ ಬೇರೆ. ಅದೇ ಬದಲಾವಣೆ ಇದ್ದ ವೈರಸ್ಸುಗಳು ಗಡಿಯಾಚೆ ಮಹಾರಾಷ್ಟ್ರದ ಒಂದು ಪ್ರಯೋಗಾಲಯದವರು ಕಣಜಕ್ಕೆ ಹಾಕಿದ್ದರಲ್ಲಿ ಸಿಕ್ಕವಂತೆ.

“ಅವರು ಹಾಕದೇ ಇದ್ದಿದ್ದರೆ ನಮಗೆ ಹೋಲಿಸೋಕೆ ಏನೂ ಇರ್ತಿರಲಿಲ್ಲ. ಇದರಿಂದ ಇಷ್ಟೇ ಹೇಳಬಹುದು. ನೀವು ಸ್ಯಾಂಪಲ್ ತೆಗೆದ ಈ ಮಂದಿಯಿಂದ ಬಂದ ಹಾಗೆ ಕಾಣಲ್ಲ.”

“ಲಾರಿಯವರಿಂದ ಇರಬಹುದೇನ್ರಿ?”

“ಗೊತ್ತಿಲ್ಲ ಮೇಡಂ. ಸುಳ್ಳು ಹೇಳಲ್ಲ.”

ಆಮೇಲೆ ಕೆಲಸದ ಮಾತು ಹೇಳಿದಳು. ಕುರಿಯವಳ ತಾರೀಖಿನಿಂದಾಗಿ, ಅವಳಲ್ಲೂ ಉಳಿದವರಲ್ಲೂ ಇದ್ದ ಬಗೆಯ ವೈರಸ್ಸು ಈ ಭಾಗಕ್ಕೆ ತಾವು ಅಂದುಕೊಂಡದ್ದಕ್ಕಿಂತ ವಾರಗಟ್ಟಲೆ ಮೊದಲೇ ಬಂದಿತ್ತೆಂದು ತಿಳಿದಿದೆ. ಇನ್ನು ಮೇಲೆ ಹೆದ್ದಾರಿ ಬದಿಯ ಕೇಂದ್ರಗಳಿಂದ ವಾರವಾರ ಕೆಲವು ಸ್ಯಾಂಪಲ್ ತರಿಸಿಕೊಳ್ಳಬೇಕೆಂದಿದ್ದಾರೆ. ನೀವು ಕಳಿಸುತ್ತೀರಾ ಎಂದಳು. ಕಳಿಸುತ್ತೇನೆ ಎಂದೆ.

ಫೋನಿಟ್ಟು ಬಸುರಿಯರ ರಕ್ತ ತೆಗೆದೆ. ಸಂಜೆ ಸಂತೆಯಲ್ಲಿ ಮೆಣಸಿನಕಾಯಿ, ಕೊತ್ತಂಬರಿ ತೆಗೆದುಕೊಂಡು ಮನೆಗೆ ಬಂದೆ. ಒಲೆ ಹಚ್ಚಿದೆ. ಹಗುರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಾನು ತಂದಂತೆ ಕಾಣುವುದಿಲ್ಲ ಎಂದಾದ ಮೇಲೆ ಆ ನಾಲ್ಕು ದಿನವಷ್ಟೇ ಉಳಿಯಿತು. ಅದಕ್ಕೆ ಯಾವ ಪ್ರಯೋಗಾಲಯವೂ ಏನೂ ಹೇಳುವಂತಿರಲಿಲ್ಲ.

ಅಣ್ಣ ಒಂದು ತಿಂಗಳು ಮಾತಾಡಲಿಲ್ಲ. ಆಮೇಲೊಂದು ದಿನ ಫೋನು ಮಾಡಿ, ಊಟವಾಯಿತೇ ಎಂದು ಕೇಳಿ ಹೇಳಿದ: “ಆ ನಾಕ ದಿನದಾಗ ನಾನೂ ಅವ್ವಗ ಫೋನ್ ಮಾಡಿದ್ದೆ. ಎರಡ ಸಲ. ಕೆಮ್ಮಿದ್ದು ನನಗೂ ಕೇಳಿತ್ತು. ನಾನೂ ಬಿಸಿನೀರ ಕುಡಿ ಅಂತನ ಅಂದೆ.”

“ಹೂಂ” ಎಂದೆ.

“ಸೂಟಿ ಇದ್ದಾಗ ಬಾ. ನಿಮ್ಮ ವೈನಿ ಕೇಳಾಕತ್ತಾಳ.”

ಹೋದೆ. ಈಗಲೂ ಹೋಗುತ್ತಿರುತ್ತೇನೆ. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಿಲ್ಲ.

ವಾರವಾರ ಸ್ಯಾಂಪಲ್ ಕಳಿಸುವುದು ರೂಢಿಯಾಯಿತು. ಜ್ವರವೆಂದು ಬಂದವರಲ್ಲಿ ಐದು ಮಂದಿ, ಅವರ ಒಪ್ಪಿಗೆ ಕೇಳಿ. ತಾರೀಖು, ಊರು, ಜ್ವರ ಶುರುವಾದ ದಿನ, ಮೂರನ್ನೂ ಬರೆದ ಮೇಲೆಯೇ ಕೊಳವೆಯ ಮುಚ್ಚಳ ಹಾಕುತ್ತೇನೆ. ಬಹಳ ವಾರ ಏನೂ ಸುದ್ದಿ ಇರುವುದಿಲ್ಲ. ಕಳೆದ ಮಳೆಗಾಲದಲ್ಲಿ ಡೆಂಗಿ ಶುರುವಾದಾಗ ಮಾತ್ರ ಆರನೆಯ ದಿನಕ್ಕೇ ಬೆಂಗಳೂರಿನವರ ಫೋನು ಬಂತು. ಈ ಸಲದ್ದು ಹಿಂದಿನ ಸಲ ಇಲ್ಲಿದ್ದ ಬಗೆಯದಲ್ಲ, ಬೇರೆ ಬಗೆ. ಸಾಂಗ್ಲಿ ಕಡೆಯವರು ಹಂಚಿಕೊಂಡದ್ದರ ಜೊತೆ ಹೊಂದುತ್ತದೆ. ಹಿಂದೆ ಒಮ್ಮೆ ಡೆಂಗಿ ಬಂದವರಿಗೆ ಈ ಸಲ ಬಂದರೆ ಜೋರಾಗಬಹುದು ಎಂದರು. ಡಾಕ್ಟರು ಆಶಾ ಕಾರ್ಯಕರ್ತೆಯರನ್ನು ಕರೆದು, ಹಿಂದೆ ಡೆಂಗಿ ಆದವರ ಮನೆಗೆ ಮೊದಲು ಹೋಗಿರಿ ಎಂದರು. ಹಳೆಯ ರಿಜಿಸ್ಟರಿನಿಂದ ಹೆಸರು ತೆಗೆದುಕೊಟ್ಟವಳು ನಾನು.

ಆ ಪಟ್ಟಿಯಲ್ಲಿದ್ದ ಒಬ್ಬ ಬಾಣಂತಿಗೆ ಎರಡು ದಿನದಿಂದ ಜ್ವರವಿತ್ತು. ಬಾಣಂತನದ ಜ್ವರವೆಂದು ಮನೆಯವರು ಸುಮ್ಮನಿದ್ದರು. ಆಶಾ ಕಾರ್ಯಕರ್ತೆ ಕರೆತಂದಳು. ರಕ್ತ ನೋಡಿದೆ, ಪ್ಲೇಟ್‌ಲೆಟ್ ಇಳಿದಿತ್ತು. ಅರ್ಧ ಗಂಟೆಯಲ್ಲಿ ಗೋಕಾಕಕ್ಕೆ ಕಳಿಸಿದೆವು. ಎಂಟು ದಿನದ ಮೇಲೆ ಅತ್ತೆಯ ಜೊತೆ ಮತ್ತೊಮ್ಮೆ ತಪಾಸಣೆಗೆ ಬಂದಳು. ಕೂಸು ಅತ್ತೆಯ ಮಡಿಲಲ್ಲಿ ಮಲಗಿತ್ತು. ನಾನು ರಕ್ತ ತೆಗೆದು ಎಣಿಸಿದೆ. ಏರಿತ್ತು. ಚೀಟಿ ಬರೆದುಕೊಟ್ಟೆ.

“ಮತ್ತ ಯಾವಾಗ ಬರೂನ್ರಿ ಬಾಯಾರ?” ಎಂದು ಅತ್ತೆ ಕೇಳಿದರು.

“ಇನ್ನ ಬರೂದು ಬ್ಯಾಡ್ರಿ. ಕೂಸಿನ ಲಸಿಕೆಗೆ ಬಂದ್ರ ಸಾಕು.”

ಅವರು ಕೊಡೆ ಬಿಚ್ಚಿಕೊಂಡು ಹೊರಟರು. ನಾನು ಮುಂದಿನವರನ್ನು ಒಳಗೆ ಕರೆದೆ.